ಟೀಮಕ್ಸ್ ಪಟ್ಟಿಯ ಕೆಂಪು 93: ಎರಡು ವರ್ಷ ಬಳಸಿದ ಮೇಲೆ

ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ ಮೊದಲ ಕೆಲಸ, ಕಮಾಂಡ್ ಬರೆಯುವ ಕಿಟಕಿಗಳನ್ನು ಮುಚ್ಚದೆ ಹಾಗೇ ಉಳಿಸಿಡುವ ತಂತ್ರಾಂಶವಾದ ಟೀಮಕ್ಸ್‌ನಲ್ಲಿ ಬೆಳಿಗ್ಗೆ ಬಿಟ್ಟುಹೋದ ಸೆಷನ್‌ಗೆ ಮತ್ತೆ ಸೇರಿಕೊಳ್ಳುವುದು. ಕಣ್ಣು ಹೋಗುವುದು ಕೆಳಗಿನ ಪಟ್ಟಿಯ ಬಲತುದಿಗೆ. ಬ್ಯಾಟರಿ, ಲೋಡ್, ಮೆಮೊರಿ, ಗಡಿಯಾರ. ಪುಕ್ಕಟೆ ಸಿಕ್ಕ ನಲವತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದ ಪುಟ್ಟ ಪ್ರೋಗ್ರಾಂ) ಇದನ್ನೆಲ್ಲ ತೋರಿಸುತ್ತದೆ, 15 ಸೆಕೆಂಡಿಗೊಮ್ಮೆ. ಬಣ್ಣಗಳು ಚೆನ್ನಾಗಿವೆ. ಹಾಕಿಕೊಳ್ಳುವ ವಿಧಾನ ನಿಮಗೆ ಗೊತ್ತಿರುತ್ತದೆ, ಬಿಡಿ.

ನನ್ನ ತಕರಾರು ಮೆಮೊರಿಯದು. ಬೆಳಿಗ್ಗೆ 30ರ ಆಸುಪಾಸು ಇದ್ದದ್ದು ರಾತ್ರಿ ಹೊತ್ತಿಗೆ ಶೇ. 93, ಅದೂ ಕೆಂಪು ಬಣ್ಣದಲ್ಲಿ. ಬ್ರೌಸರ್ ಟ್ಯಾಬ್ ಒಂದೊಂದೇ ಮುಚ್ಚುತ್ತಿದ್ದೆ. ಇಳಿಯುತ್ತಿದ್ದದ್ದು ಎರಡೋ ಮೂರೋ. ಇನ್ನೊಂದು ರ‍್ಯಾಮ್ ಹಾಕಿಸೋಣ ಅಂತ ಅಂಗಡಿಯಲ್ಲಿ ಬೆಲೆ ಕೇಳಿ, ಸುಮ್ನೆ ವಾಪಸ್ ಬಂದಿದ್ದೂ ಇದೆ. ಕೊನೆಗೆ ಒಂದು ಕೆಟ್ಟ ಚಟ ಹತ್ತಿತು. ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರವಿರುವ ಬಳಕೆದಾರನಾಗಿ, ಲಿನಕ್ಸ್‌ನ ಡ್ರಾಪ್ ಕ್ಯಾಶಸ್ ಫೈಲಿಗೆ 3 ಅಂತ ಬರೆದು, ಅದು ಮೆಮೊರಿಯಲ್ಲಿ ಕೂಡಿಟ್ಟ ಕ್ಯಾಶನ್ನೆಲ್ಲ ಬಿಸಾಡಿಸುವುದು. ತಕ್ಷಣ ಸಂಖ್ಯೆ 40ಕ್ಕೆ! ಆಮೇಲಿನ ಮೊದಲ ಕಂಪೈಲ್ (ಕೋಡನ್ನು ಪ್ರೋಗ್ರಾಂ ಆಗಿಸುವುದು) ಮಾತ್ರ ಆಮೆ ನಡಿಗೆ.

ಒಂದು ಭಾನುವಾರ ಸ್ಕ್ರಿಪ್ಟನ್ನೇ ತೆರೆದು ಓದಿದೆ. ಒಟ್ಟು ಮೆಮೊರಿಯಿಂದ ಮೆಮ್‌ಫ್ರೀ (ಪೂರ್ತಿ ಖಾಲಿ ಬಿದ್ದಿರುವ ಮೆಮೊರಿ) ಕಳೆದು, ಉಳಿದಿದ್ದೆಲ್ಲ ಬಳಕೆ ಅಂತ ಬರೆದಿದ್ದರು. 7.6 ಜಿಬಿಯಲ್ಲಿ ಫ್ರೀ 0.5. ಸರಿಯಾಗಿ 93! ಆದರೆ ಲಿನಕ್ಸ್ ಖಾಲಿ ಮೆಮೊರಿಯಲ್ಲಿ ಓದಿದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ (ಇದೇ ಕ್ಯಾಶ್), ಬೇಕೆಂದಾಗ ಬಿಟ್ಟುಕೊಡುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿರ್ತೀವಲ್ಲ, ಯಾರಾದರೂ ಬಂದರೆ ಎತ್ತಿಕೊಳ್ಳುತ್ತೇವೆ. ಈ ಸ್ಕ್ರಿಪ್ಟ್ ಬ್ಯಾಗಿಗೂ ಟಿಕೆಟ್ ಹರಿಯುತ್ತಿತ್ತು.

ಸಿಟ್ಟು ಬಂತು. ಆಮೇಲೆ ಇಳಿಯಿತು. 2014ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ 3.14 ಬರುವವರೆಗೆ ಮೆಮೊರಿಯ ಲೆಕ್ಕವಿರುವ ಪ್ರೊಕ್ ಮೆಮ್‌ಇನ್ಫೋ ಫೈಲಿನಲ್ಲಿ ಮೆಮ್‌ಅವೈಲಬಲ್ (ಬೇಕೆಂದರೆ ಸಿಗಬಹುದಾದ ಮೆಮೊರಿ) ಅನ್ನುವ ಸಾಲೇ ಇರಲಿಲ್ಲ. ಮೆಮೊರಿ ತೋರಿಸುವ ಫ್ರೀ ಕಮಾಂಡ್ ಕೂಡ ಆಗ ಮೊದಲ ಸಾಲಿನಲ್ಲಿ ಕ್ಯಾಶ್ ಸೇರಿಸಿಯೇ ಬಳಕೆ ತೋರಿಸುತ್ತಿತ್ತು. ಬರೆದವರು ಅದನ್ನೇ ನಂಬಿರಬೇಕು, ಪಾಪ.

ನಾನು ಮೊದಲು ಅದೇ ಫೈಲಿನಲ್ಲಿ ಕ್ಯಾಶ್ ಲೆಕ್ಕ ಕೊಡುವ ಬಫರ್ಸ್, ಕ್ಯಾಶ್ಡ್ ಎರಡನ್ನೂ ಕಳೆದು ನೋಡಿದೆ. ಅದೂ ತಪ್ಪು, ಈ ಸಲ ಬಳಕೆಯನ್ನು ಕಡಿಮೆ ತೋರಿಸುವ ಕಡೆಗೆ. ನನ್ನ ಟೆಂಪ್ ಫೋಲ್ಡರ್ ಟೆಂಪ್‌ಎಫ್‌ಎಸ್, ಅಂದರೆ ರ‍್ಯಾಮಿನಲ್ಲೇ ಇರುವಂಥದ್ದು. ಅಲ್ಲಿ ಒಂದು ವಿಡಿಯೊ ಹಾಕಿದರೆ ಅದೂ ಕ್ಯಾಶ್ಡ್ ಲೆಕ್ಕಕ್ಕೇ ಸೇರುತ್ತದೆ. ಹಾಗಂತ ಅದನ್ನು ಬಿಸಾಡಿ ಜಾಗ ಮಾಡಿಕೊಳ್ಳಲು ಆಗಲ್ಲ. ಕೊನೆಗೆ ಒಟ್ಟು ಮೆಮೊರಿಯಿಂದ ಮೆಮ್‌ಅವೈಲಬಲ್ ಕಳೆಯುವ ಒಂದೇ ಸಾಲು ಬರೆದೆ. ಅದೂ ಅಂದಾಜೇ, ಆದರೆ ಕರ್ನಲ್‌ನದೇ ಅಂದಾಜು. 93 ಇದ್ದದ್ದು 39 ಆಯಿತು.

ಹಾಗೇ ಸಿಕ್ಕರೆ ಐದಕ್ಕೆ ಎರಡು ಸ್ಟಾರ್, ತಿದ್ದಿಕೊಂಡರೆ ನಾಲ್ಕು. ಇಡೀ ಸ್ಕ್ರಿಪ್ಟ್ ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಿಸಿಕೊಳ್ಳುತ್ತದೆ, ಅದಕ್ಕೇ ಬೇರೆಯದಕ್ಕೆ ಹೋಗಲಿಲ್ಲ. 80 ದಾಟಿದರೆ ಕೆಂಪಾಗುವ ಸಾಲನ್ನು ಹಾಗೇ ಬಿಟ್ಟಿದ್ದೇನೆ. ಎರಡು ತಿಂಗಳಲ್ಲಿ ಒಂದೇ ಸಲ ಕೆಂಪಾಗಿದೆ. ಅವತ್ತು ಎರಡು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಆಫ್ ಮಾಡದೆ ಮಲಗಿಬಿಟ್ಟಿದ್ದೆ.