ಒಂದು ಗೇಣು ಎತ್ತರದ ಬೆಲೆ

ಮೂವತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಕಾರುಗಳ ಸೀಟು ಹೊಲಿಯುತ್ತಿದ್ದೇನೆ. ಒಂದು ಗಾಡಿ ತನ್ನೊಳಗೆ ಕೂರುವವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ನನಗೆ ಮುಖ್ಯ. ಆ ದೃಷ್ಟಿಯಲ್ಲಿ, ಎಂದೂ ಮಾರಾಟಕ್ಕೆ ಬಾರದ ಒಂದು ಗಾಡಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಅದು 1978ರ ಇಟಲಿಯ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ ಇಟಾಲ್‌ಡಿಸೈನ್ ಸಂಸ್ಥೆಯ ಕಾರು ವಿನ್ಯಾಸಕ ಜಾರ್ಜೆಟ್ಟೊ ಜುಜಾರೊ ತೋರಿಸಿದ ಲಾಂಚಿಯಾ ಮೆಗಾಗಾಮಾ.

ಅದರಲ್ಲಿ ನಾನು ಕುಳಿತವನಲ್ಲ. ಚಿತ್ರಗಳನ್ನೂ ಅಳತೆಗಳನ್ನೂ ನೋಡಿ ತೀರ್ಪು ಹೇಳುತ್ತಿದ್ದೇನೆ. ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆ. ಲಾಂಚಿಯಾ ಗಾಮಾ ಕಾರಿನ ಎತ್ತರ ಸುಮಾರು 1.41 ಮೀಟರ್. ಅದರದೇ ತಳದ ಮೇಲೆ ಕಟ್ಟಿದ ಮೆಗಾಗಾಮಾ 1.62 ಮೀಟರ್. ನಡುವೆ ನನ್ನ ಒಂದು ಗೇಣು ಸರಿಯಾಗಿ ಕೂತಿತು. ಉದ್ದ ಮಾತ್ರ 4.31 ಮೀಟರ್, ಅಂದರೆ ಮೂಲ ಕಾರಿಗಿಂತ ಸುಮಾರು 27 ಸೆಂಟಿಮೀಟರ್ ಗಿಡ್ಡ.

ಗಿಡ್ಡವಾದರೂ ಇಕ್ಕಟ್ಟಾಗಲಿಲ್ಲ. ಕಾಲು ಚಾಚಿ ಕುಳಿತವನಿಗೆ ಮುಂದೆ ಹೆಚ್ಚು ಜಾಗ ಬೇಕು. ಊಟದ ಕುರ್ಚಿಯಲ್ಲಿ ಕೂತಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತವನಿಗೆ ಅಷ್ಟು ಬೇಡ. ಮುಂದಿನ ಚಕ್ರಗಳೇ ಎಳೆಯುವ ಗಾಡಿಯಾದ್ದರಿಂದ ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗಬೇಕಿರಲಿಲ್ಲ, ನೆಲ ಸಮತಟ್ಟಾಯಿತು. ನೆಲದ ನಡುವಿನ ಉಬ್ಬು ಎಂಥ ಪೀಡೆ ಎಂಬುದು ಹಿಂದಿನ ಸೀಟಿನಲ್ಲಿ ನಡುವೆ ಸಿಕ್ಕಿಬಿದ್ದು ಶಿರಸಿಗೆ ಹೋಗಿಬಂದವರಿಗೆ ಗೊತ್ತು. ಗಾಮಾದ 2.5 ಲೀಟರ್ ಬಾಕ್ಸರ್ ಎಂಜಿನ್ನಿನ ಸಿಲಿಂಡರುಗಳು ಅಡ್ಡಕ್ಕೆ ಮಲಗಿರುವುದರಿಂದ ಬಾನೆಟ್ಟೂ ತಗ್ಗಿನಲ್ಲೇ ಉಳಿಯಿತು.

ಒಂದು ಕೊರತೆಯನ್ನು ನಾನು ಕ್ಷಮಿಸಲಾರೆ. ಸೀಟು ಎರಡೇ ಸಾಲು. ನಮ್ಮ ಮನೆಯಲ್ಲಿ ಐದು ಜನರಿಗೆ ಲೆಕ್ಕ ಮುಗಿಯುವುದಿಲ್ಲ. ಕುಟುಂಬದ ಗಾಡಿ ಎಂದ ಮೇಲೆ ಮೂರನೆಯ ಸಾಲು ಬೇಕಿತ್ತು.

ಲಾಂಚಿಯಾದ ಒಡೆತನ ಹೊಂದಿದ್ದ ಫಿಯಟ್ ಇದನ್ನು ತಯಾರಿಕೆಗೆ ಒಯ್ಯಲಿಲ್ಲ. ಎಂಬತ್ತರ ದಶಕದ ಆರಂಭದಲ್ಲೇ ಜಪಾನಿನಿಂದ ನಿಸಾನ್ ಪ್ರೇರಿ ಬಂತು: ಅದೇ ಬಗೆಯ ಎತ್ತರ, ಜತೆಗೆ ಸರಿಯುವ ಹಿಂಬಾಗಿಲು, ಬಾಗಿಲುಗಳ ನಡುವೆ ಕಂಬವೂ ಇಲ್ಲ. ಫಿಯಟ್ ಕೈಬಿಟ್ಟ ಗೇಣೂ ಪೂರ್ತಿ ವ್ಯರ್ಥವಾಗಲಿಲ್ಲ. ಎತ್ತರಕ್ಕೆ ಕೂರಿಸುವ ಆ ಕ್ರಮವನ್ನು ಜುಜಾರೊ ಚಿಕ್ಕ ಕಾರಿಗೆ ಇಳಿಸಿ 1983ರ ಫಿಯಟ್ ಯುನೊ ರೂಪಿಸಿದರು. ಅದು 1984ರ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು, ತೊಂಬತ್ತರ ದಶಕದಲ್ಲಿ ನಮ್ಮ ದೇಶಕ್ಕೂ ಬಂತು.

ನನ್ನ ಅಂಗಡಿಗೂ ಬಂದಿತ್ತು. ಫೋಮ್ ಕುಸಿದಿದ್ದ ಹಿಂಬದಿ ಸೀಟಿಗೆ ಕಂದು ರೆಕ್ಸಿನ್ ಹಾಕಿ ಕೊಟ್ಟ ದಿನ ಗಾಡಿಯ ಯಜಮಾನರು ತಮ್ಮ ತಾಯಿಯನ್ನೂ ಕರೆತಂದಿದ್ದರು. ಮಂಡಿನೋವಿನ ಮುದುಕಿ. ಪಕ್ಕದಲ್ಲೇ ನಿಂತಿದ್ದ ತಗ್ಗು ಕಾರನ್ನು ತೋರಿಸಿ, “ಅದರೊಳಗೆ ನಾನು ಬೀಳಬೇಕು, ಇದರಲ್ಲಿ ಕೂರುತ್ತೇನೆ” ಎಂದರು. ಯಾರ ಕೈಯನ್ನೂ ಹಿಡಿಯದೆ ಹತ್ತಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ನಾನೇ ಬಾಗಿಲು ಹಾಕಲಿ ಎಂದು ಕಾದರು.