ಹಾಸ್ಟೆಲ್ ಹಾರರ್ ಕಾದಂಬರಿ: ಕೆಜಿಎಫೋ, ದೇವರಾಯನದುರ್ಗವೋ?

ಓದಿನ ಹುಚ್ಚು, ಹಳೇ ಲೈಬ್ರರಿ, ಗುಟ್ಟಿನ ಗುಂಪು: ಇಂಥ ಹಾಸ್ಟೆಲ್ ಕಥೆಗೆ ಜಾಗ ಹುಡುಕುವವರಿಗೆ ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನಲ್ಲಿ ಅರ್ಧ ಕೆಲಸ ಮುಗಿದೇ ಇರುತ್ತದೆ. ಬ್ರಿಟಿಷರ ಬಂಗಲೆಗಳು, ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು, ಕೆಳಗೆ ಮೂರು ಕಿಲೋಮೀಟರಿಗೂ ಆಳದ ಗಣಿ. ಒಳಗೆ ಬಂಡೆ ಸಿಡಿದರೆ ಮೇಲೆ ಊರೇ ನಡುಗುತ್ತಿತ್ತು. ಬೇರೆ ದೆವ್ವ ಬೇಕೇ? ಒಂದೇ ಎಡವಟ್ಟು: 2001ರಲ್ಲಿ ಗಣಿ ಮುಚ್ಚಿ, ಪಂಪು ನಿಂತು, ನೀರು ತುಂಬಿತು. ಹುಡುಗರನ್ನು ಆಳಕ್ಕೆ ಇಳಿಸುವುದಾದರೆ ಕಥೆ ಅದಕ್ಕೂ ಮೊದಲೇ ನಡೆಯಬೇಕು. ಮೊಬೈಲ್ ಕಾಟವೂ ತಪ್ಪುತ್ತದೆ.

ತುಮಕೂರಿನ ದೇವರಾಯನದುರ್ಗದಲ್ಲಿ ಮಂಜು, ಕಾಡು ಸಿಗುತ್ತವೆ. ಭಾನುವಾರದ ಜನಜಂಗುಳಿ ಭಯ ಕೆಡಿಸುತ್ತದೆ. ಮಳೆಗಾಲದ ವಾರದ ದಿನ ಆರಿಸಿ.

ಎಲ್ಲಿಟ್ಟರೂ ರಾತ್ರಿ ಹಾಜರಿ ಮರೆಯಬೇಡಿ. ಕಥೆಯಲ್ಲಿ ಕಾಣೆಯಾದ ಹುಡುಗನ ಹೆಸರಿಗೆ ‘ಎಸ್ ಸಾರ್’ ಅಂದವರು ಯಾರೆಂದು ಬರೆಯುವ ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ವಾರ್ಡನ್ ಎರಡನೇ ಅಧ್ಯಾಯಕ್ಕೇ ಪೊಲೀಸರನ್ನು ಕರೆಯುತ್ತಾರೆ.