ಸಭಾಂಗಣ, ಮೊಬೈಲ್, ತೋಟ: ಬೋರ್ಡೋ ದ್ರಾವಣ ಕಲಿಯಲು ಯಾವುದು ಸರಿ?

ಸಕಲೇಶಪುರ, ಮೂಡಿಗೆರೆ ಕಡೆ ಅಡಿಕೆ, ಕಾಳುಮೆಣಸು ಇರುವ ತೋಟಕ್ಕೆ ಮಳೆ ಹಿಡಿಯುವ ಮುಂಚೆ ಬೋರ್ಡೋ ಬೇಕೇ ಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಮಾಡುವ ಶಿಲೀಂಧ್ರನಾಶಕ ಇದು. ಇದರ ತಯಾರಿಯನ್ನು ಬೆಳೆಗಾರರಿಗೂ ಕೃಷಿ ಪದವಿ ವಿದ್ಯಾರ್ಥಿಗಳಿಗೂ ಮೂರು ರೀತಿಯಲ್ಲಿ ಕಲಿಸಿ ನೋಡಿದ್ದೇವೆ.

ಸಭಾಂಗಣದ ಪಾಠದಲ್ಲಿ ಅಳತೆ ಗಟ್ಟಿಯಾಗಿ ಮನಸ್ಸಿಗೆ ಕೂರುತ್ತದೆ: ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೋರ್ಡೋ ಕೊಳೆರೋಗ ಬಾರದಂತೆ ಕಾಯುತ್ತದೆಯೇ ಹೊರತು ಕೊಳೆತ ಗೊನೆಯನ್ನು ಉಳಿಸುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲೂ ಅಲ್ಲೇ ಪುರುಸೊತ್ತು. ಆದರೆ ಸುಣ್ಣ ಒಳ್ಳೆಯದೋ ಕೆಟ್ಟದ್ದೋ ಅಂತ ಕುರ್ಚಿಯಲ್ಲಿ ಕೂತು ತಿಳಿಯುವುದಿಲ್ಲ.

ಮೊಬೈಲ್ ವಿಡಿಯೊ ನೆನಪಿಸಿಕೊಳ್ಳಲು ಸಾಕು, ಮೊದಲ ಪಾಠಕ್ಕೆ ಸಾಲದು. ಕೈ ಎಲ್ಲಿ ತಪ್ಪಿತು ಅಂತ ಅದು ತಿದ್ದುವುದಿಲ್ಲ.

ತೋಟದ ಪಾಠವೇ ಮೇಲು. ಒಂದು ತಂಡಕ್ಕೆ ಹತ್ತು ಹನ್ನೆರಡು ಜನ ಸಾಕು. ಪ್ರತಿಯೊಬ್ಬರೂ 10 ಲೀಟರ್ ಮಾತ್ರ ತಯಾರಿಸಲಿ: 100 ಗ್ರಾಂ ಮೈಲುತುತ್ತ 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ. ಎರಡೂ ಪ್ಲಾಸ್ಟಿಕ್ ಬಕೆಟ್ ಆಗಿರಬೇಕು, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಹರಳು ಸುಣ್ಣಕ್ಕೆ ನೀರು ಚಿಮುಕಿಸಿ ಅರಳಿಸಿ, ತಣ್ಣಗಾದ ಮೇಲೆ ನೀರಿಗೆ ಕಲಸಿ ಬಟ್ಟೆಯಲ್ಲಿ ಸೋಸಬೇಕು. ನಂತರ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು.

ಇಲ್ಲಿ ಒಂದು ಬಕೆಟ್ಟನ್ನು ಬೇಕೆಂದೇ ತಪ್ಪಾಗಿ ಮಾಡಿಸುತ್ತೇವೆ, ಸುಣ್ಣವನ್ನು ಮೈಲುತುತ್ತಕ್ಕೆ ಸುರಿದು. ಎರಡನ್ನೂ ಗಾಜಿನ ಬಾಟಲಿಗೆ ತುಂಬಿ ಪಕ್ಕಪಕ್ಕ ಇಟ್ಟರೆ, ಸರಿಯಾದದ್ದು ಆಕಾಶನೀಲಿಯಾಗಿ ತೇಲುತ್ತಾ ನಿಲ್ಲುತ್ತದೆ. ತಪ್ಪಾದದ್ದರಲ್ಲಿ ಕಣ ದಪ್ಪ, ಬೇಗ ತಳ ಸೇರುತ್ತದೆ. ನಾಜಲ್ ಕಟ್ಟಿಕೊಳ್ಳುವುದೂ, ಗೊನೆಗೆ ಸರಿಯಾಗಿ ಅಂಟದಿರುವುದೂ ಇದರಿಂದಲೇ.

ಇನ್ನೊಂದು ಬಕೆಟ್ಟಿನ ದ್ರಾವಣಕ್ಕೆ ಗಾಳಿಗೆ ತೆರೆದಿಟ್ಟು ಸತ್ವ ಕಳೆದ ಹಳೆ ಸುಣ್ಣ. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಆ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂತಿರುತ್ತದೆ. ಅಂಥ ದ್ರಾವಣ ಹೊಡೆದರೆ ಎಲೆ ಸುಡುತ್ತದೆ. ಚಾಕು ಕೆಂಪಾಗುವುದು ನಿಲ್ಲುವವರೆಗೂ ಸುಣ್ಣದ ನೀರು ಸೇರಿಸಬೇಕು. ಈ ಕೆಂಪನ್ನು ಒಮ್ಮೆ ಕಣ್ಣಾರೆ ಕಂಡವರು ಪರೀಕ್ಷೆ ಮಾಡದೆ ಸಿಂಪಡಿಸುವುದಿಲ್ಲ, ನಮ್ಮ ಮಟ್ಟಿಗೆ ಇಡೀ ತರಬೇತಿಯ ಬೆಲೆ ಇದೊಂದರಲ್ಲೇ ಇದೆ.

ಮಣ್ಣು ಪರೀಕ್ಷೆಯ ವರದಿ ಓದುವುದಕ್ಕಾದರೆ ಸಭಾಂಗಣವೇ ಸರಿ. ರಸಸಾರ (ಪಿಎಚ್), ಸಾವಯವ ಇಂಗಾಲದ ಅಂಕಿ ನೋಡಿ ಸುಣ್ಣ, ಗೊಬ್ಬರದ ಲೆಕ್ಕ ಹಾಕಲು ಮೇಜು, ಪೆನ್ನು, ಸಮಾಧಾನ ಮೂರೂ ಬೇಕು.

ಹಾಸನದವರು ಕಂದಲಿಯ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಏಪ್ರಿಲ್‌ನಲ್ಲೇ ಹೋಗಿ ತೋಟದಲ್ಲೇ ಪ್ರಾತ್ಯಕ್ಷಿಕೆ ಬೇಕೆಂದು ಕೇಳಿ. ಮೇ ಕೊನೆಯ ಹೊತ್ತಿಗೆ ಕಲಿತು ಮುಗಿದರೆ ಮೊದಲ ಸಿಂಪಡಣೆಗೆ ಕೈ ಪಳಗಿರುತ್ತದೆ. ಅಡಿಕೆಗೆ ಎರಡನೆಯದು 40–45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ. ಕಲಸಿದ ದ್ರಾವಣವನ್ನು ಅಂದೇ ಹೊಡೆದು ಮುಗಿಸಿ, ಮಾರನೇ ದಿನಕ್ಕೆ ಇಡಬೇಡಿ.